ಸೊಳ್ಳೆಪರದೆಗೆ ಕಟ್ಟಿದ ಹಸಿರು ಬೆಲ್ಟು

ಒಂದು ಹಲಗೆಯನ್ನು ಅಲುಗಾಡದಂತೆ ಹಿಡಿದುಕೊಂಡು ನಿಲ್ಲಬೇಕಾಗಿತ್ತು. ನಾನು ನಿಲ್ಲಲಿಲ್ಲ. ಕೇಳಿದವರು ‘ಅಷ್ಟೇನಾ’ ಅನ್ನಬಹುದು. ಅಷ್ಟೇ ಆಗಿದ್ದರೆ ನಾನೂ ಎಂದೋ ಮರೆತುಬಿಡುತ್ತಿದ್ದೆ. ಹಲಗೆಯನ್ನು ನೆಟ್ಟಗೆ ಹಿಡಿಯದವನು ಆಮೇಲೆ ಅದರ ಬಗ್ಗೆ ಒಂದು ಸುಳ್ಳನ್ನೂ ಹೇಳಿದೆ. ಆ ಸುಳ್ಳು ನನ್ನ ತಂಗಿಯ ಜೊತೆ ಅವಳ ಗಂಡನ ಮನೆಗೂ ಹೋಯಿತು.

ಮರೆಯದೆ ಇರುವುದಕ್ಕೆ ನಮ್ಮ ಮನೆಯ ಸೊಳ್ಳೆಪರದೆಯೂ ಒಂದು ಕಾರಣ. ಕಲ್ಕತ್ತಾದಲ್ಲಿ ಸಂಸಾರ ಮಾಡಿದವರಿಗೆ ಸೊಳ್ಳೆಪರದೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯವರು ಅದನ್ನು ಮಶಾರಿ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಮೊದಲು ಜಗಳಾಡುವುದು ಇವತ್ತು ಮಶಾರಿ ಯಾರು ಕಟ್ಟಬೇಕು ಎಂಬುದಕ್ಕೆ. ನಮ್ಮ ಪರದೆಯ ಮೂರು ಮೂಲೆಗಳಿಗೆ ಬಿಳಿ ಲಾಡಿಯಿದೆ. ನಾಲ್ಕನೆಯ ಮೂಲೆಯಿಂದ ಕಿಟಕಿಯ ಸರಳು ದೂರ, ಲಾಡಿ ಮುಟ್ಟುತ್ತಿರಲಿಲ್ಲ. ಅದಕ್ಕೆ ನಮ್ಮವ್ವ ಎಂದೋ ಒಂದು ಹಸಿರು ಪಟ್ಟಿ ಜೋಡಿಸಿದ್ದಳು. ದಪ್ಪ ಬಟ್ಟೆ, ಉದ್ದಕ್ಕೂ ಸಾಲು ಸಾಲು ಹೊಲಿಗೆ, ಬಣ್ಣ ಈಗ ಬೇಯಿಸಿದ ಸೊಪ್ಪಿನದು. ಅವ್ವ ಹೋದಳು, ಪರದೆಗಳೂ ಹರಿದು ಹೊಸವು ಬಂದವು, ಪಟ್ಟಿ ಮಾತ್ರ ಉಳಿಯಿತು. ಅದರ ಗಂಟು ಚೆನ್ನಾಗಿ ಕೂರುತ್ತದೆ ಎಂದು ನನ್ನ ಹೆಂಡತಿ ಅದನ್ನು ಬಿಸಾಡಲು ಬಿಡುವುದಿಲ್ಲ. ಕೂರದೆ ಏನು, ಗಂಟು ಕೂರಲೆಂದೇ ಹೊಲಿದ ಬಟ್ಟೆ ಅದು. ನನ್ನ ತಂಗಿ ಸುಮಾಳ ಕರಾಟೆ ಬೆಲ್ಟು.

ನಮ್ಮಪ್ಪ ಗದಗಿನ ಕಡೆಯಿಂದ ಬಂದು ಗಾರ್ಡನ್ ರೀಚ್‌ನ ಹಡಗು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ನಾನು ಬಸವರಾಜ, ಮನೆಯಲ್ಲಿ ಬಸು. ಬಂಗಾಳದಲ್ಲಿ ಬಸು ಎಂಬುದು ಅಡ್ಡಹೆಸರು, ಅಂದರೆ ಮನೆತನದ ಹೆಸರು. ಅವ್ವ ಬಾಲ್ಕನಿಯಲ್ಲಿ ನಿಂತು ‘ಬಸೂ, ಉಣ್ಣಾಕ ಬಾ’ ಎಂದು ಕೂಗಿದರೆ ಪಕ್ಕದ ಮನೆಯವರು, ಈಕೆ ಸ್ವಂತ ಮಗನನ್ನೂ ಅಡ್ಡಹೆಸರಿನಿಂದ ಕರೆಯುತ್ತಾಳಲ್ಲ, ಎಂಥ ಮರ್ಯಾದಸ್ಥರ ಮನೆ ಎಂದುಕೊಂಡಿದ್ದರಂತೆ. ಇವತ್ತಿಗೂ ನಾನು ಕೆಲಸ ಮಾಡುವ ಲೇಕ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಎಲ್ಲರಿಗೂ ಬಸುದಾ, ಅಂದರೆ ಬಸು ಅಣ್ಣ. ಕಾಫಿ ಬೀಜ ಪುಡಿ ಮಾಡುತ್ತೇನೆ, ಹಪ್ಪಳ, ಹುಣಸೆಹಣ್ಣು, ಕರಿಬೇವು ಮಾರುತ್ತೇನೆ. ಓದಿದ್ದು ಕಡಿಮೆ. ಎಂಟನೆಯದು ದಾಟಿದೆ, ಒಂಬತ್ತನೆಯದು ನನ್ನನ್ನು ದಾಟಲು ಬಿಡಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅವ್ವ ಬರೆಸಿದ್ದು. ಒರೆಸಲು ಮರೆತರೆ ಅಪ್ಪ ಅಕ್ಷರಗಳ ಮೇಲೆಯೇ ಕೂತು ಊಟ ಮಾಡುತ್ತಿದ್ದರು.

ಕರಾಟೆಗೆ ಮೊದಲು ಸೇರಿದವನು ನಾನೇ. ಫುಟ್‌ಬಾಲ್ ಆಡಲು ಹೋಗಿ ದಿನಾ ಪೆಟ್ಟು ತಿಂದು ಬರುತ್ತಿದ್ದೆ. ಹೊಡೆಯುವುದನ್ನು ಕಲಿಯಲಿ ಎಂದು ಅಪ್ಪ ನಮ್ಮ ಪಾಡಾದ, ಅಂದರೆ ನಮ್ಮ ಕೇರಿಯ, ಕ್ಲಬ್ಬಿನ ತಾರಸಿಯಲ್ಲಿ ನಡೆಯುತ್ತಿದ್ದ ಕ್ಲಾಸಿಗೆ ಹಾಕಿದರು. ನೀರಿನ ಬಾಟಲಿ ಹಿಡಿದು ಜೊತೆಗೆ ಬರುತ್ತಿದ್ದವಳು ಸುಮಾ. ನಾನು ಒದೆಯುವುದನ್ನು ನೋಡಿ ಬಾಟಲಿ ಕೆಳಗಿಟ್ಟು ಅವಳೂ ಒದೆಯುತ್ತಿದ್ದಳು. ಸ್ವಲ್ಪ ದಿನದಲ್ಲಿ ಬಾಟಲಿ ಹಿಡಿಯುವವರು ಯಾರೂ ಇಲ್ಲವಾದರು.

ತಪನ್ ಸರ್ ಎಂಬವರು ಕಲಿಸುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ. ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೊಡೆಯುವುದನ್ನು ಯಾವಾಗ ಕಲಿಸುತ್ತಾರೆ ಎಂಬ ಆತುರ. ಸರ್ ಬೆಲ್ಟು ಕಟ್ಟುವುದನ್ನು ಮಾತ್ರ ಕಲಿಸುತ್ತಿದ್ದರು. ಹೊಕ್ಕುಳದ ಹತ್ತಿರ ನಡುಭಾಗ ಇಟ್ಟು, ಸೊಂಟಕ್ಕೆ ಎರಡು ಸುತ್ತು ಹಾಕಿ, ಒಂದು ತುದಿಯನ್ನು ಎರಡೂ ಸುತ್ತುಗಳ ಒಳಗಿಂದ ಎಳೆದು ಗಂಟು ಹಾಕಬೇಕು. ಎರಡು ತುದಿಗಳೂ ಸಮ ಇಳಿಯಬೇಕು. ನನ್ನದು ಒಂದು ತುದಿ ಮೊಣಕಾಲಿಗೆ, ಇನ್ನೊಂದು ಬೊಜ್ಜಿಗೆ. ಇನ್ನು ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಬೇಕು. ಒಳಗೆ ಅಡಗಿಸಿದರೆ ಹೊಡೆದವನ ಹೆಬ್ಬೆರಳೇ ಮುರಿಯುತ್ತದೆ. ಉಗುರು ಕತ್ತರಿಸಿರಬೇಕು. ಹೊಟ್ಟೆ ತುಂಬ ಮಂಡಕ್ಕಿ ತಿಂದು ಬರಬಾರದು. ಪಕ್ಕದವನು ಎಷ್ಟು ಎತ್ತರ ಒದೆಯುತ್ತಾನೆ ಎಂದು ನೋಡಬಾರದು. ನಾನು ಈ ಎಲ್ಲವನ್ನೂ ಒಮ್ಮೆಯಾದರೂ ಮಾಡಿದ್ದೇನೆ, ಕೆಲವನ್ನು ಒಂದೇ ದಿನ.

ಬಿಳಿ ಆದ ಮೇಲೆ ಹಳದಿ, ಆಮೇಲೆ ಕಿತ್ತಳೆ, ಹಸಿರು, ನೀಲಿ, ಕಂದು, ಕೊನೆಗೆ ಕಪ್ಪು. ಬೇರೆ ಶಾಲೆಗಳಲ್ಲಿ ಬೇರೆ ಸಾಲು ಇರುತ್ತದೆ, ನಮ್ಮಲ್ಲಿ ಹೀಗೆ. ನಾನು ಹೇಗೋ ಹಳದಿ ಪಾಸಾದೆ. ಹೊಸ ಬೆಲ್ಟು ತರಬೇಕು ಎಂದಾಗ ಅವ್ವ, ‘ಬಣ್ಣ ಬದಲಾಗಬೇಕು ಹೌದಲ್ಲೋ? ಬೆಲ್ಟ್ ಯಾಕ ಬದಲಾಗಬೇಕು?’ ಎಂದು ಬಿಳಿ ಬೆಲ್ಟನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಒಳ್ಳೆಯ ಹಳದಿಯೇ ಬಂತು. ಕ್ಲಾಸಿನಲ್ಲಿ ನನ್ನಷ್ಟು ಹಳದಿ ಯಾರೂ ಇರಲಿಲ್ಲ. ಬೆವರಿದಾಗ ಬಿಳಿ ಅಂಗಿಯ ಸೊಂಟದ ಸುತ್ತ ಹಳದಿ ಪಟ್ಟೆ ಮೂಡುತ್ತಿತ್ತು, ಅಷ್ಟೇ. ಒಂದು ವಾರ ಅವ್ವ ಮರೆತು ಅಂಗಿಯ ಜೊತೆ ಬೆಲ್ಟಿಗೂ ಬಟ್ಟೆಸೋಪು ಹಚ್ಚಿಬಿಟ್ಟಳು. ಅರಿಸಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಕೆಂಪು ಬೆಲ್ಟು ಕಟ್ಟಿಕೊಂಡು ತಾರಸಿ ಹತ್ತಿದೆ.

ತಪನ್ ಸರ್ ನನ್ನನ್ನು ಸುತ್ತುಹಾಕಿ ನೋಡಿದರು. ಆಮೇಲೆ ಎಲ್ಲರ ಮುಂದೆ ಕೈಮುಗಿದು, ‘ಬಸು ಬಾಬು, ಕಪ್ಪಿಗಿಂತಲೂ ಮೇಲಿನ ಕೆಂಪು ಬೆಲ್ಟು ನನಗೂ ಸಿಕ್ಕಿಲ್ಲ. ಇವತ್ತಿನಿಂದ ನೀವೇ ಕಲಿಸಿ’ ಅಂದರು.

ತಾರಸಿಯೆಲ್ಲ ನಕ್ಕಿತು. ಅವ್ವ ಅದಕ್ಕೆ ನಿಂಬೆಹಣ್ಣು ಹಿಂಡಿ ಮತ್ತೆ ಹಳದಿ ಮಾಡಿಕೊಟ್ಟಳು. ಆದರೆ ನಾನು ಮತ್ತೆ ಹೋಗಲಿಲ್ಲ. ಅದೇ ಸುಮಾರಿಗೆ ಶಾಲೆಯನ್ನೂ ಬಿಟ್ಟೆ. ಸುಮಾ ಎರಡನ್ನೂ ಬಿಡಲಿಲ್ಲ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು, ಬೆಲ್ಟಿನಲ್ಲಿ ನನಗಿಂತ ಮುಂದೆ ಹೋಗಿ ಹಸಿರಿಗೆ ಬಂದಳು. ಹಸಿರಿನದು ಮಾತ್ರ ಅಂಗಡಿಯಿಂದಲೇ ತಂದದ್ದು. ಹಸಿರು ಬರಿಸುವ ಸಾಮಾನು ಅವ್ವನ ಅಡುಗೆಮನೆಯಲ್ಲಿ ಇರಲಿಲ್ಲ.

ನೀಲಿ ಬೆಲ್ಟಿನ ಪರೀಕ್ಷೆಯಲ್ಲಿ ಮುಷ್ಟಿಯಿಂದ ಹಲಗೆ ಮುರಿಯಬೇಕು. ಹಲಗೆಯನ್ನು ಇನ್ನೊಬ್ಬರು ಎದುರಿಗೆ ಹಿಡಿದುಕೊಳ್ಳಬೇಕು. ನಮ್ಮ ಕ್ಲಬ್ಬಿನಲ್ಲಿ ಹಿಡಿಯುವವರನ್ನು ಪರೀಕ್ಷೆಗೆ ಕೂತವರೇ ಕರೆತರುವ ಪದ್ಧತಿ. ಸುಮಾಳ ಜೊತೆಗಾತಿ ಕಾಮಾಲೆಯಾಗಿ ಮಲಗಿದ್ದಳು. ‘ನಮ್ಮಣ್ಣ ಹಿಡೀತಾನ ಸರ್’ ಎಂದು ಸುಮಾ ನನ್ನ ಹೆಸರು ಕೊಟ್ಟುಬಂದಳು. ಸರ್ ನನಗೆ ತೋರಿಸಿಕೊಟ್ಟರು. ಮೊಣಕೈ ಬಿಗಿಯಾಗಿ ಚಾಚಿರಬೇಕು, ಒಂದು ಕಾಲು ಹಿಂದಿಟ್ಟು ಮೈಯ ಭಾರವನ್ನು ಮುಂದೆ ಹಾಕಬೇಕು, ಮುಖ ಪಕ್ಕಕ್ಕೆ ತಿರುಗಿಸಬೇಕು, ಏನೇ ಆದರೂ ಹಿಂದೆ ಸರಿಯಬಾರದು. ಕಷ್ಟದ್ದೇನೂ ಅಲ್ಲ. ಗೋಡೆಗೆ ಬರುವಷ್ಟು ಕೆಲಸ.

ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬರು ಬಂದಿದ್ದರು. ಅಪ್ಪ ಅವ್ವ ಮೊದಲ ಸಾಲಿನ ಕುರ್ಚಿಯಲ್ಲಿ. ಸುಮಾ ಎದುರಿಗೆ ನಿಂತು ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಆಮೇಲೆ ನಗು ಹೋಯಿತು. ಅವಳ ಮುಖ ಹಾಗಾದದ್ದನ್ನು ನಾನು ಮನೆಯಲ್ಲಿ ಯಾವತ್ತೂ ನೋಡಿರಲಿಲ್ಲ. ಕೂಗು ಹಾಕಿ ಬಂದಳು. ನಾನು ಕಣ್ಣು ಮುಚ್ಚಿದೆ, ಮೊಣಕೈ ಮಡಚಿದೆ. ಹಲಗೆ ಅವಳ ಮುಷ್ಟಿಯ ಜೊತೆಗೇ ಹಿಂದೆ ಬಂದು ನನ್ನ ಎದೆಗೆ ಒರಗಿತು. ಮುರಿಯಲಿಲ್ಲ. ‘ಆರೇಕ್‌ಬಾರ್’, ಇನ್ನೊಮ್ಮೆ, ಅಂದರು ಪರೀಕ್ಷೆ ಮಾಡುವವರು. ಇನ್ನೊಮ್ಮೆಯೂ ಅದೇ ಆಯಿತು. ಮೊದಲ ಸಲ ಹೆದರಿದವನಿಗೆ ಎರಡನೆಯ ಸಲ ಹೆದರುವುದು ಸುಲಭ. ಅವಳ ಬೆರಳಿನ ಗೆಣ್ಣುಗಳು ಸುಲಿದು ಹಲಗೆಗೆ ರಕ್ತ ಹತ್ತಿತು. ಎಲ್ಲರ ಕಣ್ಣೂ ಅವಳ ಕೈ ಮೇಲೆ. ನನ್ನ ಮೊಣಕೈ ನೋಡಲು ಯಾರೂ ಬಂದಿರಲಿಲ್ಲ.

‘ಜೋರ್ ನೇಯ್’ ಅಂದರು ಅವರು. ಕೈಯಲ್ಲಿ ಬಲವಿಲ್ಲ ಎಂದು. ಬರೆದುಕೊಂಡು ಮುಂದಿನವರನ್ನು ಕರೆದರು.

ನನಗೆ ಹೊಟ್ಟೆಕಿಚ್ಚು ಇತ್ತೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇರಲಿಲ್ಲ ಎಂದು ಕಾಣುತ್ತದೆ. ಬೇಕೆಂದೇ ಕೆಡಿಸುವುದಕ್ಕೂ ಸ್ವಲ್ಪ ಧೈರ್ಯ ಬೇಕಾಗುತ್ತದೆ. ನನಗೆ ಇದ್ದದ್ದು ಬರೀ ಹೆದರಿಕೆ.

ಮನೆಗೆ ನಡೆದು ಹೋಗುವಾಗ ಅಪ್ಪ ಅವ್ವ ಮುಂದೆ, ನಾವಿಬ್ಬರು ಹಿಂದೆ. ಸುಮಾ ಕರವಸ್ತ್ರವನ್ನು ಕೈಗೆ ಸುತ್ತಿಕೊಂಡಿದ್ದಳು. ಅಳುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನನ್ನ ಎದೆಯ ಕಡೆ ನೋಡಿ ಕೇಳಿದಳು, ‘ಅಣ್ಣಾ, ನಿನಗ ಪೆಟ್ಟಾತೇನು?’

ಆಗ ಹೇಳಬಹುದಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ. ನಾನು ಹೇಳಿದ್ದು ಇದು: ‘ನನಗ್ಯಾಕ ಪೆಟ್ಟಾಗ್ತೈತಿ? ನಿನ್ನ ಕೈಯಾಗ ಜೋರನ ಇಲ್ಲಲ್ಲ.’

ಅವಳು ನಂಬಿದಳು. ಹೊರಗಿನವರು ಹೇಳಿದ್ದನ್ನು ಬಿಟ್ಟುಬಿಡುತ್ತಿದ್ದಳೋ ಏನೋ. ಹೊಡೆತ ತಡೆದವನೇ ಹೇಳಿದ ಮೇಲೆ ನಂಬದೆ ಏನು ಮಾಡುತ್ತಾಳೆ? ಮತ್ತೆ ತಾರಸಿ ಹತ್ತಲಿಲ್ಲ. ಬೆಲ್ಟು ಸೊಳ್ಳೆಪರದೆಗೆ ಹೋಯಿತು.

ಸುಮಾ ಓದಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಟಾಲಿಗಂಜಿನಲ್ಲಿ ಫ್ಲ್ಯಾಟು, ಗಂಡ, ಮಿತು ಎಂದು ಕರೆಯುವ ಒಬ್ಬಳು ಮಗಳು. ನಮ್ಮ ಮನೆಯಲ್ಲಿ ಇಂಗ್ಲಿಷಿನ ಕಾಗದ ಬಂದರೆ ಓದಿ ಹೇಳುವವಳು ಅವಳೇ. ಹೊರಗಿನಿಂದ ನೋಡಿದರೆ ಏನೂ ಕಡಿಮೆಯಿಲ್ಲ. ಆದರೆ ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯಾದರೆ ಒಂದು ಸಲವೂ ತಿರುಗಿಸಿ ನೋಡುವುದಿಲ್ಲ. ‘ನನ್ನ ಕೈಯಾಗ ಜೋರಿಲ್ಲವಾ’ ಎಂದು ಪಕ್ಕದವರಿಗೆ ಕೊಟ್ಟುಬಿಡುತ್ತಾಳೆ. ಸ್ಕೂಟರ್ ಕಲಿಯಲಿಲ್ಲ, ಬ್ರೇಕು ಹಿಡಿಯಲು ಕೈಯಲ್ಲಿ ಬಲ ಸಾಲದಂತೆ. ಮೆಟ್ರೋದಲ್ಲಿ ಸರಳು ಹಿಡಿದು ನಿಲ್ಲುವುದಿಲ್ಲ, ಒರಗಲು ಮೂಲೆ ಹುಡುಕುತ್ತಾಳೆ. ಆ ಭರಣಿಗಳನ್ನು ಅವಳು ನನ್ನ ಮುಂದೆಯೇ ಚಾಚುತ್ತಾಳೆ. ಅಂಗಡಿಯಲ್ಲಿ ದಿನಾ ಡಬ್ಬಿ ತೆಗೆಯುವ ಕೈ, ನಾನು ತೆಗೆದುಕೊಡುತ್ತೇನೆ. ‘ನೋಡ್ರೀ, ನಮ್ಮಣ್ಣ ಹೆಂಗ ತಗದ’ ಎಂದು ಗಂಡನಿಗೆ ಹೇಳುತ್ತಾಳೆ.

ಹೋದ ವರ್ಷ ಮಿತು ಕರಾಟೆ ಕಲಿಯುತ್ತೇನೆಂದು ಹಟ ಹಿಡಿದಳು. ಸುಮಾ ಬೇಡ ಅಂದಳು. ‘ನಮ್ಮ ಮನ್ಯಾಗಿನ ಕೈಗೋಳ ಅದಕ್ಕ ತಕ್ಕವಲ್ಲ’ ಅನ್ನುವುದು ಕಾರಣ. ಇಂಥ ವಿಷಯದಲ್ಲಿ ನಾನು ಬಾಯಿ ಹಾಕುವವನಲ್ಲ, ಆದರೂ ‘ಕಳಸು, ನಾ ಕರಕೊಂಡ ಹೋಗ್ತೀನಿ’ ಅಂದೆ. ಹಾಗಾಗಿ ವಾರಕ್ಕೆರಡು ದಿನ ಅಂಗಡಿಯಿಂದ ಬೇಗ ಹೊರಟು ಅವಳನ್ನು ಟಾಲಿಗಂಜಿನ ಒಂದು ಹಾಲಿಗೆ ಕರೆದೊಯ್ಯುತ್ತಿದ್ದೆ. ಕಲಿಸುವವಳು ರೂಪಾ ಎಂಬ ಹುಡುಗಿ. ನಾನು ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದೆ. ಒಂದು ದಿನ ಅವಳು ಬಂದು, ‘ಕಾಕು, ಬೋಶೆ ಕೇನೋ?’ ಅಂದಳು. ಚಿಕ್ಕಪ್ಪಾ, ಸುಮ್ಮನೆ ಯಾಕೆ ಕೂತಿದ್ದೀರಿ ಎಂದು. ಮಂಡಿ ನೋವು ಎಂದೆ. ಮಂಡಿ ನೋವಿಗೇ ಕರಾಟೆ ಬೇಕು ಅಂದಳು. ಸಕ್ಕರೆ ಕಾಯಿಲೆ ಎಂದೆ. ಅದಕ್ಕೂ ಬೇಕು ಅಂದಳು. ನನಗೆ ಮೂರನೆಯ ಕಾಯಿಲೆ ಇರಲಿಲ್ಲ.

ಹೀಗೆ ಐವತ್ತರ ಹತ್ತಿರ ಬಂದವನು ಮತ್ತೆ ಬಿಳಿ ಬೆಲ್ಟು ಕಟ್ಟಿದೆ. ಎತ್ತರದ ಪ್ರಕಾರ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಬೆಲ್ಟಿನ ಪ್ರಕಾರ ನಿಲ್ಲಿಸಿದರು. ನನ್ನ ಎಡಕ್ಕೂ ಬಲಕ್ಕೂ ಹಲ್ಲು ಬಿದ್ದ ಮಕ್ಕಳು. ‘ಬೆಲ್ಟು ಸಮ ಇಲ್ಲ ದಾದು’ ಎಂದು ಒಬ್ಬಳು ನನ್ನನ್ನು ಅಜ್ಜನನ್ನೂ ಮಾಡಿ ತಿದ್ದಿದಳು. ನೋಡಿದರೆ ಈಗಲೂ ಒಂದು ತುದಿ ಮೊಣಕಾಲಿಗೆ, ಒಂದು ಬೊಜ್ಜಿಗೆ. ಬೊಜ್ಜು ಮಾತ್ರ ಹಿಂದಿನದಲ್ಲ.

ಈ ಚಳಿಗಾಲ ರೂಪಾ ಒಂದು ಪ್ರದರ್ಶನ ಇಟ್ಟಳು. ಮಕ್ಕಳು ಒಬ್ಬೊಬ್ಬರಾಗಿ ತೆಳು ಹಲಗೆ ಮುರಿಯಬೇಕು, ಮನೆಯವರೇ ಹಿಡಿಯಬೇಕು. ಹಿಡಿಯುವವರಿಗೆ ಹೇಳಲೆಂದು ರೂಪಾ ನಮ್ಮನ್ನು ಕರೆದು, ಹಿಡಿದವರ ಮೊಣಕೈ ಮಡಚಿದರೆ ತಾನೇ ಹೊಡೆದರೂ ಹಲಗೆ ಮುರಿಯುವುದಿಲ್ಲ ಅಂದಳು. ನನಗೆ ಹೊಸ ವಿಷಯವೇನಲ್ಲ. ಆದರೆ ಅದನ್ನು ಯಾರೋ ಬಾಯಿಬಿಟ್ಟು ಹೇಳಿದ್ದು ಕೇಳಿ ಕಿವಿ ಬಿಸಿಯಾಯಿತು. ಮನೆಗೆ ಹೋದ ಕೂಡಲೇ ಮಿತು, ‘ಅಮ್ಮಾ, ನೀನೇ ಹಿಡಿ’ ಅಂದಳು.

‘ನನ್ನ ಕೈಯಾಗ ಜೋರಿಲ್ಲ ಪುಟ್ಟಿ. ಮಾಮಾ ಹಿಡೀತಾನ’ ಅಂದಳು ಸುಮಾ.

ಮಿತು ಒಂದು ಕ್ಷಣ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ‘ದೆನ್ ಮೈ ಹ್ಯಾಂಡ್ ಆಲ್ಸೋ ಹಾಗೇ ಇರುತ್ತಾ?’ ಎಂದು ಕೇಳಿದಳು. ಸುಮಾ ನಕ್ಕು ಚಹಾ ಇಡಲು ಎದ್ದಳು. ನಾನು ಅವತ್ತು ಚಹಾ ಕುಡಿಯದೆ ಬಂದುಬಿಟ್ಟೆ. ಸುಳ್ಳು ಇನ್ನೊಂದು ತಲೆಮಾರಿಗೆ ಕೈ ಚಾಚುತ್ತಿತ್ತು, ಅದೂ ನನ್ನ ಕಣ್ಣ ಮುಂದೆ.

ಭಾನುವಾರ ಸೊಳ್ಳೆಪರದೆಯಿಂದ ಹಸಿರು ಬೆಲ್ಟನ್ನು ಬಿಚ್ಚಿದೆ. ಅದರ ಜಾಗಕ್ಕೆ ಅಂಗಡಿಯ ಸೆಣಬಿನ ಹಗ್ಗ ಕಟ್ಟಿದೆ. ಹೆಂಡತಿ ಬಂದು ಹಗ್ಗದ ಗಂಟನ್ನು ಎಳೆದು ನೋಡಿದಳು. ಬೆಲ್ಟು, ಕಾಫಿ ಪುಡಿ, ರೂಪಾಳಿಂದ ಇಸಕೊಂಡ ಒಂದು ಹಲಗೆ, ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಸುಮಾಳ ಮನೆಗೆ ಹೋದೆ. ಅವಳ ಗಂಡ ಮೀನು ತರಲು ಹೋಗಿದ್ದ. ಸುಮಾ ಬೆಲ್ಟು ನೋಡಿ, ‘ಅಯ್ಯ, ಮಶಾರಿದು! ಇದನ್ಯಾಕ ತಂದಿ? ಪರದೆ ಬಿದ್ದೀತು’ ಅಂದಳು. ನಾನು ಹಲಗೆ ತೆಗೆದು ಅವಳ ಕೈಗೆ ಕೊಟ್ಟೆ.

‘ಇದನ್ನ ಹಿಡಿ. ನಾ ಹೊಡೀತೀನಿ.’

‘ನೀನ? ಬಿಳಿ ಬೆಲ್ಟ? ಸುಮ್ಮನ ಕೂಡಪಾ, ಕೈ ಮುರಕೊಂಡೀ. ವೈನಿ ನನ್ನ ಬೈತಾಳ.’

‘ಮಾಮಾ ಕಾಂಟ್ ಬ್ರೇಕ್ ಇಟ್! ಮಾಮಾ ಪಾಪಡ್ ಮಾತ್ರ ಬ್ರೇಕ್ ಮಾಡೋದು!’ ಎಂದು ಮಿತು ಸೋಫಾ ಮೇಲೆ ಹತ್ತಿ ಕೂತಳು.

‘ಹಿಡಿ ಅಂದ್ರ ಹಿಡಿ’ ಎಂದು ನಿಲ್ಲಿಸಿದೆ. ಮೊಣಕೈ ಬಿಗಿ, ಒಂದು ಕಾಲು ಹಿಂದೆ, ಭಾರ ಮುಂದೆ, ಮುಖ ಆ ಕಡೆ. ಹೇಳಿದ್ದನ್ನೆಲ್ಲ ಅವಳು ಹಾಗೆಯೇ ಮಾಡಿದಳು. ಹೇಳಿಕೊಡುವ ಮೊದಲೇ ಹಿಂದಿನ ಪಾದವನ್ನು ಹೊರಕ್ಕೆ ತಿರುಗಿಸಿ ನಿಂತಳು. ಕಾಲಿಗೆ ಇನ್ನೂ ನೆನಪಿತ್ತು. ನಾನು ಹೆಬ್ಬೆರಳು ಹೊರಗಿಟ್ಟು ಮುಷ್ಟಿ ಕಟ್ಟಿದೆ. ಕೂಗು ಹಾಕಲು ನಾಚಿಕೆಯಾಯಿತು. ಸುಮ್ಮನೆ ಹೊಡೆದೆ.

ಹಲಗೆ ಎರಡು ತುಂಡಾಯಿತು. ಮಿತು ಕಿರುಚಿದಳು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ನನಗೇ ಆಯಿತು. ಗೆಣ್ಣು ಸುಲಿದು ಸ್ವಲ್ಪ ರಕ್ತ ಬಂತು.

‘ಅಣ್ಣಾ! ಏನ್ ಜೋರ ಐತೋ ನಿನ್ನ ಕೈಯಾಗ!’ ಅಂದಳು ಸುಮಾ.

‘ನನ್ನ ಕೈದಲ್ಲ. ನೀ ಅಲ್ಲಾಡದಂಗ ಹಿಡದಿ, ಅದಕ್ಕ ಮುರೀತು.’ ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನಿಲ್ಲಿಸಿಕೊಳ್ಳಲು ಆಗಲಿಲ್ಲ. ‘ಅವತ್ತ ಕ್ಲಬ್ಬಿನ ತಾರಸಿ ಮ್ಯಾಲ ನಾ ಹಂಗ ಹಿಡದಿರಲಿಲ್ಲ. ಎರಡೂ ಸಲ ಮೊಣಕೈ ಮಡಚಿದೆ.’

ಸುಮಾ ಹಲಗೆಯ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದಳು, ಬಿಡಿಸಿದಳು, ಮತ್ತೆ ಕೂಡಿಸಿದಳು.

‘ನಾನ ಕಣ್ಣ ಮುಚ್ಚಿ ಹೊಡದಿದ್ದೆ ಅನ್ಕೊಂಡಿದ್ದೆ’ ಅಂದಳು.

‘ಕಣ್ಣ ಮುಚ್ಚಿದ್ದು ನಾನು.’

ಮಿತು ‘ಮಾಮಾ, ದಟ್ಸ್ ಚೀಟಿಂಗ್’ ಅಂದಳು. ಸುಮಾ ತುಂಡುಗಳನ್ನು ಕೆಳಗಿಟ್ಟು ಅಡುಗೆಮನೆಗೆ ಹೋದಳು. ಹೋಗಿಬಿಡು ಅನ್ನುತ್ತಾಳೇನೋ ಎಂದು ನಾನು ಚಪ್ಪಲಿಯ ಕಡೆ ನೋಡಿದೆ. ಅವಳು ಅರಿಸಿನದ ಭರಣಿ ಹಿಡಿದುಕೊಂಡು ಬಂದಳು. ಅದರ ಮುಚ್ಚಳ ಬಿಗಿಯಾಗಿತ್ತು. ನನ್ನ ಮುಂದೆ ಚಾಚಲಿಲ್ಲ. ಎದೆಗೆ ಒತ್ತಿ ಹಿಡಿದು ತಾನೇ ತಿರುಗಿಸಿದಳು. ಸ್ವಲ್ಪ ಹೊತ್ತು ಹಿಡಿಯಿತು, ತೆರೆಯಿತು. ಒಂದು ಚಿಟಿಕೆ ತೆಗೆದು ನನ್ನ ಗೆಣ್ಣಿಗೆ ಒತ್ತಿದಳು, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ. ಉರಿಯಿತು. ಕೈ ಬಿಡದೆ, ಮುಖ ನೋಡದೆ, ಅವತ್ತು ದಾರಿಯಲ್ಲಿ ಕೇಳಿದ್ದನ್ನೇ ಕೇಳಿದಳು.

‘ಅಣ್ಣಾ, ನಿನಗ ಪೆಟ್ಟಾತೇನು?’

‘ಇಲ್ಲ ಸುಮಾ. ಪೆಟ್ಟಾಗಿದ್ದು ನಿನಗ. ನಿನ್ನ ಕೈಯಾಗ ಜೋರ ಇತ್ತು. ಹೆದರಿ ಹಿಂದ ಸರದಾವ ನಾನು, ಸುಳ್ಳ ಹೇಳಿದಾವನೂ ನಾನ. ತಪ್ಪಾತವಾ, ನನ್ನ ಕ್ಷಮಿಸು.’